ಕೋಲಾರದ ಹಲ್ಲಿಗೆ ಬ್ರಾಕೆಟ್ ಅಂಟಿಸುವಾಗ

‘ಒಳ್ಳೆಯ ಗಮ್ ಹಾಕಿ ಡಾಕ್ಟರೇ, ಮತ್ತೆ ಕ್ಲಿಪ್ ಬೀಳಬಾರದು’ ಎನ್ನುತ್ತಾರೆ ತಾಯಂದಿರು. ಅವರು ಕ್ಲಿಪ್ ಎನ್ನುವುದು ಬ್ರಾಕೆಟ್ಟಿಗೆ, ಅಂದರೆ ಓರೆಕೋರೆ ಹಲ್ಲನ್ನು ಸರಿಪಡಿಸುವ ತಂತಿಯನ್ನು ಹಿಡಿದಿಡಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡಿಗೆ. ಗಮ್ ಒಳ್ಳೆಯದೇ. ತಕರಾರಿರುವುದು ಹಲ್ಲಿನ ಮೇಲ್ಮೈಯಲ್ಲಿ.

ಕೋಲಾರ ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಪಟ್ಟೆ. ಆ ಎನಾಮೆಲ್‌ನ (ಹಲ್ಲಿನ ಗಟ್ಟಿ ಕವಚದ) ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅಂಟುವಿಕೆಯೋ ಪೂರ್ತಿ ಆಮ್ಲವನ್ನೇ ನೆಚ್ಚಿಕೊಂಡಿದೆ. ಫಾಸ್ಫಾರಿಕ್ ಆಮ್ಲ ಸವರಿ ಒರಟಾಗಿಸಿದ ಎನಾಮೆಲ್‌ಗೆ ರಾಳ (ರೆಸಿನ್ ಅಂಟು) ಬಲವಾಗಿ ಕಚ್ಚಿಕೊಳ್ಳುತ್ತದೆ ಎಂದು 1955ರಲ್ಲಿ ದಂತ ಸಂಶೋಧಕ ಬುವೊನೊಕೋರ್ ತೋರಿಸಿದರು. ಅವರು ಬಳಸಿದ್ದು ಶೇ 85ರ ದ್ರಾವಣ, ನಾವೀಗ ಬಳಸುವುದು ಶೇ 37ರ ಜೆಲ್.

ಮೊದಲು ಎಣ್ಣೆಯಾಗಲಿ ಫ್ಲೋರೈಡ್ ಆಗಲಿ ಇಲ್ಲದ ಪ್ಯೂಮಿಸ್ ಕಲ್ಲಿನ ಪುಡಿಯಿಂದ ಹಲ್ಲನ್ನು ಉಜ್ಜುತ್ತೇನೆ. ಸಾಧಾರಣ ಹಲ್ಲಿಗೆ 30 ಸೆಕೆಂಡ್ ಜೆಲ್ ಸಾಕು. ಮಚ್ಚೆಯ ಹಲ್ಲಿಗೆ ಒಂದು ನಿಮಿಷವಾದರೂ ಬೇಕು. ತೊಳೆದು ಗಾಳಿ ಊದಿದಾಗ ಮೇಲ್ಮೈ ಸೀಮೆಸುಣ್ಣದಂತೆ ಬೆಳ್ಳಗಾದರೆ ಆಮ್ಲ ಹಿಡಿದಿದೆ ಎಂದು ಪಾಠದಲ್ಲಿ ಹೇಳಿಕೊಡುತ್ತಾರೆ. ಮೊದಲೇ ಬೆಳ್ಳಗಿರುವ ಹಲ್ಲಿನಲ್ಲಿ ಆ ಗುರುತು ಉಪಯೋಗಕ್ಕೆ ಬಾರದು. ನಾನು ಬಣ್ಣ ಬಿಟ್ಟು ಹೊಳಪನ್ನು ನೋಡುತ್ತೇನೆ. ದೀಪವನ್ನು ಓರೆ ಮಾಡಿದಾಗ ಎಲ್ಲಾದರೂ ಮಿಂಚು ಉಳಿದಿದ್ದರೆ ಅಲ್ಲಿಗೆ ಇನ್ನೊಮ್ಮೆ ಜೆಲ್. ಅದಕ್ಕೂ ಮಣಿಯದ ಪದರವಿದ್ದರೆ ಪೋಷಕರಿಗೆ ತಿಳಿಸಿ, ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಚಿಮ್ಮಿಸಿ ತುಸು ಒರಟು ಮಾಡಿಕೊಳ್ಳುತ್ತೇನೆ. ಆಮ್ಲ ಮತ್ತು ಪ್ರೈಮರ್ (ಪೇಸ್ಟಿಗೆ ಮೊದಲು ಸವರುವ ತೆಳು ರಾಳ) ಒಂದೇ ಸೀಸೆಯಲ್ಲಿರುವ ದಿಢೀರ್ ವಸ್ತುಗಳನ್ನು ಈ ಹಲ್ಲುಗಳ ಮೇಲೆ ನಾನು ನಂಬುವುದಿಲ್ಲ.

ಮುಂದಿನದು ಸಲೀಸು. ತೆಳುವಾಗಿ ಪ್ರೈಮರ್, ಬ್ರಾಕೆಟ್ಟಿನ ಹಿಂಬದಿಯ ಜಾಲರಿಗೆ ಟ್ರಾನ್ಸ್‌ಬಾಂಡ್ ಎಕ್ಸ್‌ಟಿ ಎಂಬ, ಬೆಳಕಿಗೆ ಗಟ್ಟಿಯಾಗುವ ಅಂಟು ಪೇಸ್ಟ್. ಪೇಸ್ಟ್ ಅಂಚಿನಿಂದ ಹೊರಬರುವವರೆಗೆ ಒತ್ತಿ, ಹೊರಬಂದದ್ದನ್ನು ಪ್ರೋಬ್ ಎಂಬ ಮೊನಚು ಕಡ್ಡಿಯಿಂದ ಕೆರೆದು ತೆಗೆಯಬೇಕು. ಉಳಿದರೆ ಅಲ್ಲೇ ಕೊಳೆ ಕೂರುತ್ತದೆ. ನೀಲಿ ಬೆಳಕು ಹಾಯಿಸುವವರೆಗೆ ಪೇಸ್ಟ್ ಕಾಯುತ್ತದೆ, ಹಾಗಾಗಿ ಬ್ರಾಕೆಟ್ಟನ್ನು ಸರಿಯಾದ ಕೋನಕ್ಕೆ ತಿರುಗಿಸಲು ಪುರುಸೊತ್ತು ಸಿಗುತ್ತದೆ. ತಾನೇ ಗಟ್ಟಿಯಾಗುವ ಹಳೆಯ ಪೇಸ್ಟುಗಳಲ್ಲಿ ಆ ಸೌಲಭ್ಯವಿಲ್ಲ.

ಜೊಲ್ಲು ನಿಲ್ಲದ ಹಿಂದಿನ ದವಡೆಹಲ್ಲಿಗೆ ಮಾತ್ರ ರಾಳ ಬೆರೆತ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟು. ಬಲ ಸ್ವಲ್ಪ ಕಡಿಮೆಯಾದರೂ ತೇವಕ್ಕೆ ಹೆದರುವುದಿಲ್ಲ.

ಹಾಗೆಂದು ಬಲ ಮಿತಿಮೀರಲೂ ಬಾರದು. 1975ರಲ್ಲಿ ಸಂಶೋಧಕ ರೆನಾಲ್ಡ್ಸ್ ಹೇಳಿದ ಸುಮಾರು 6ರಿಂದ 8 ಮೆಗಾಪಾಸ್ಕಲ್ (ಅಂಟಿನ ಬಲದ ಅಳತೆ) ಇದ್ದರೆ ಸಾಕು. ಚಿಕಿತ್ಸೆ ಮುಗಿದು ಬ್ರಾಕೆಟ್ ಬಿಚ್ಚುವಾಗ ಅಂಟು ಹಲ್ಲಿನ ಮೇಲೆಯೇ ಉಳಿದರೆ ನನಗೆ ಸಮಾಧಾನ; ಟಂಗ್‌ಸ್ಟನ್ ಕಾರ್ಬೈಡ್ ಬರ್‌ನಿಂದ (ತಿರುಗುವ ಉಜ್ಜುಮೊನೆಯಿಂದ) ನಿಧಾನವಾಗಿ ತೆಗೆಯಬಹುದು. ಎನಾಮೆಲ್ ಚೂರು ಕಿತ್ತು ಬಂದರೆ ಏನೂ ಮಾಡಲಾಗದು. ಸೆರಾಮಿಕ್ ಬ್ರಾಕೆಟ್ ಬಿಚ್ಚುವಾಗ ಆ ಅಪಾಯ ಹೆಚ್ಚು. ಅದಕ್ಕೇ ಈ ಮಕ್ಕಳು ಎಷ್ಟು ಆಸೆಪಟ್ಟರೂ ಹಲ್ಲಿನ ಬಣ್ಣದ ಸೆರಾಮಿಕ್ ಬ್ರಾಕೆಟ್ ಹಾಕಲು ಒಪ್ಪುವುದಿಲ್ಲ.