ಟೇಪು ಹಿಡಿದು ಮಾಡಿಸಿದ ಕನ್ನಡಕ

ಗದಗಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ, ಮಾಡುವವನು ನಾನು. ಲಗ್ನಪತ್ರಿಕೆ ಸೀಜನ್ ಬಂತೆಂದರೆ ಮಧ್ಯಾಹ್ನ ಮೂರರ ಹೊತ್ತಿಗೆ ಹುಬ್ಬಿನ ಮೇಲೆ ನೋವು ಹಿಡಿದು, ಸಂಜೆಗೆ ಹಿಂಗತ್ತಿಗೆ ಇಳಿಯುತ್ತಿತ್ತು. ಈ ಸಲದ ಸೀಜನ್ ಪೂರ್ತಿ ಗುಳಿಗೆ ಇಲ್ಲದೆ ಕಳೆಯಿತು. "ಟೇಪ್ ಹಿಡಕೊಂಡು ಚಾಳೀಸು ಮಾಡಸ್ತಾರೇನ್ರಿ?" ಎಂದು ನಕ್ಕ ಪ್ರೆಸ್ಸಿನವರೇ ಈಗ ನನ್ನ ಟೇಬಲ್ಲಿನ ಅಳತೆ ಬರೆದುಕೊಂಡು ಹೋಗುತ್ತಿದ್ದಾರೆ.

ದುಡ್ಡು ಸುರಿದದ್ದು ಮೊದಲು ಹೇಳಿಬಿಡುತ್ತೇನೆ. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಕನ್ನಡಕಕ್ಕೆ ಎರಡು ಸಾವಿರದ ಮೇಲೆ ಹೋಯಿತು. ಅಂಗಡಿಯವರು ನೀಲಿ ಟಾರ್ಚ್ ಬಿಟ್ಟು ತೋರಿಸಿದರು. ಟಾರ್ಚಿನ ಬೆಳಕು ತಡೆಯಿತು, ನೋವು ಇದ್ದಲ್ಲೇ ಇತ್ತು. ಇಂಥ ಗಾಜಿನಿಂದ ಕಣ್ಣಿನ ದಣಿವು ಕಡಿಮೆಯಾಗುವುದು ಅನುಮಾನ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2023ರ ಪರಾಮರ್ಶೆಯೂ ಹೇಳಿದೆ. ಆಮೇಲೆ ದೂರ, ನಡು, ಹತ್ತಿರ ಮೂರಕ್ಕೂ ಒಂದೇ ಗಾಜಿನ ಪ್ರೋಗ್ರೆಸಿವ್, ಒಂಬತ್ತು ಸಾವಿರದ ಆಸುಪಾಸು. ಬಸ್ಸಿನ ಬೋರ್ಡಿಗೂ ಪೇಪರ್ ಓದುವುದಕ್ಕೂ ಅದು ಛಲೋ. ಪರದೆಯ ದೂರಕ್ಕೆ ಮಾತ್ರ ಅದರ ನಡುವೆ ಸಿಗುವುದು ಒಂದು ಸಣ್ಣ ಪಟ್ಟಿ. ಗದ್ದ ಎತ್ತಿದರೆ ಅಕ್ಷರ ನಿಚ್ಚಳ, ಇಳಿಸಿದರೆ ಮಸುಕು. ದಿನವಿಡೀ ಗದ್ದ ಎತ್ತಿ ಕೂತವನಿಗೆ ಕುತ್ತಿಗೆ ಹಿಡಿಯದೆ ಇರುತ್ತದೆಯೇ?

ಕೊನೆಗೆ ನಾನು ಕೂರುವ ಭಂಗಿಯಲ್ಲೇ ಕೂತು, ಮಗನ ಕೈಲಿ ಕಣ್ಣಿನಿಂದ ಪರದೆಯವರೆಗೆ ಟೇಪು ಹಿಡಿಸಿದೆ. ಸುಮಾರು 65 ಸೆಂ.ಮೀ. ಬಂತು. ಓದುವ ಚಾಳೀಸು 40 ಸೆಂ.ಮೀ. ಆಸುಪಾಸಿಗೆ ಮಾಡಿದ್ದು, ಪರದೆಯ ದೂರಕ್ಕೆ ಅದರ ಪವರ್ ಜಾಸ್ತಿ. ಆ ಅಳತೆಯನ್ನು ಚೀಟಿಯಲ್ಲಿ ಬರೆದು ಕಣ್ಣಿನ ಡಾಕ್ಟರಿಗೆ ಕೊಟ್ಟು, "ಈ ದೂರಕ್ಕಷ್ಟೇ ಮಾಡಿಕೊಡ್ರಿ" ಎಂದೆ. ಓದಲು +2 ಇದ್ದ ನನಗೆ ಪರದೆಗೆ +1.25 ಸಾಕಾಯಿತು. "ಪವರ್ ಇಳಿಸಿದ್ರ ಕಣ್ಣು ಹಾಳಾಗ್ತಾವ್ರಿ" ಎಂದು ಅಂಗಡಿಯವರು ಹೆದರಿಸಿದರು. ದೂರಕ್ಕೆ ತಕ್ಕ ಗಾಜು ಹಾಕಿದರೆ ಕಣ್ಣು ಯಾಕೆ ಹಾಳಾದೀತು? ಫ್ರೇಮ್ ಸೇರಿ ಸಾವಿರದ ಮುನ್ನೂರೋ ನಾನೂರೋ ಆಯಿತು. ಮೊದಲ ವಾರವೇ ಕುತ್ತಿಗೆ ಸಡಿಲಾಯಿತು. ದ, ಧ ನಡುವೆ ವ್ಯತ್ಯಾಸವೆಂದರೆ ಹೊಟ್ಟೆಯ ಒಂದು ಸೀಳು. ಮೊದಲು 12 ಪಾಯಿಂಟಿನಲ್ಲಿ ಅದನ್ನು ಕಾಣಲು ಪರದೆಗೆ ಮೂಗು ಹಚ್ಚುತ್ತಿದ್ದೆ, ಈಗ ಬೆನ್ನು ಒರಗಿಸಿಕೊಂಡೇ ತಿದ್ದುತ್ತೇನೆ.

ಆದರೂ ಹುಬ್ಬಿನ ನೋವು ಅರ್ಧ ಉಳಿದಿತ್ತು. ಅದು ಬೆಳಕಿನದು. ಎಲ್ಲರೂ ಹೇಳುವಂತೆ ಬ್ರೈಟ್‌ನೆಸ್ ಇಪ್ಪತ್ತಕ್ಕೆ ಇಳಿಸಿದಾಗ ನೋವು ಹೆಚ್ಚೇ ಆಯಿತು. ಮೊಬೈಲ್ ಕ್ಯಾಮೆರಾ ಹಿಡಿದು ನೋಡಿದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡುತ್ತಿವೆ! ಕೆಲವು ಮಾನಿಟರ್‌ಗಳು ಬೆಳಕು ತಗ್ಗಿಸುವುದೇ ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸಿ. ಇಳಿಸಿದಷ್ಟೂ ಆರಿರುವ ಹೊತ್ತು ಹೆಚ್ಚು. ಅರವತ್ತರ ಹತ್ತಿರ ಏರಿಸಿದಾಗ ಪಟ್ಟಿ ಮಾಯ. ಆಮೇಲೆ ಕೋಣೆಯನ್ನೇ ಅದಕ್ಕೆ ಹೊಂದಿಸಿದೆ. ಎ4 ಹಾಳೆಯನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆಯ ಬಿಳಿ ಬಣ್ಣ ದೀಪದಂತೆ ಉರಿಯಬಾರದು, ಹಾಳೆಗಿಂತ ಮಂಕೂ ಆಗಬಾರದು. ಕಿಟಕಿ ಮಾನಿಟರಿನ ಹಿಂದೂ ಬೇಡ, ನಿಮ್ಮ ಬೆನ್ನಿಗೂ ಬೇಡ, ಮಗ್ಗುಲಿಗೆ ಇರಲಿ. ಮಿನುಗುವ ಹಳೇ ಚೋಕಿನ ಟ್ಯೂಬ್‌ಲೈಟನ್ನೂ ಕಿತ್ತು ಎಲ್‌ಇಡಿ ಹಾಕಿಸಿದೆ.

ನಡುವೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವನ್ನೂ ನೋಡಿದೆ. ಇಂಗ್ಲಿಷಿಗೆ ಹೇಗೋ, ನನ್ನ ಕಣ್ಣಿಗೆ ಒತ್ತಕ್ಷರಗಳು ಒಂದಕ್ಕೊಂದು ಅಂಟಿದಂತೆ ಕಂಡವು. ಎರಡೇ ದಿನಕ್ಕೆ ಬಿಟ್ಟೆ. ಕಣ್ಣುರಿಗೆಂದು ಬಳಸಿದ ಸೌತೆಕಾಯಿ, ರೋಸ್ ವಾಟರ್ ತಂಪು ಕೊಟ್ಟವು, ಅಷ್ಟೇ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಸಾಕಷ್ಟು ಕಡಿಮೆಯಾಗುತ್ತದೆ. ಅದರ ಮೇಲೆ ನಮ್ಮ ಬೇಸಿಗೆಯ ಒಣಗಾಳಿ, ಎದುರಿಗೇ ಟೇಬಲ್ ಫ್ಯಾನು. ಫ್ಯಾನನ್ನು ಕಾಲಿನ ಕಡೆ ತಿರುಗಿಸಿದ್ದಕ್ಕೆ ಕಾಸೂ ಖರ್ಚಿಲ್ಲ, ಉರಿ ಮಾತ್ರ ಹೋಯಿತು.

ಪ್ರೂಫ್ ನೋಡುವಾಗ ಕಣ್ಣು ದಣಿಯದಂತೆ ಫಾಂಟ್‌ನಲ್ಲಿ ಇನ್ನೊಂದು ಕೈಚಳಕ ಮಾಡುತ್ತೇನೆ. ಅದು ನನ್ನ ಅನ್ನದ ದಾರಿ, ಹೇಳುವುದಿಲ್ಲ. ನಲವತ್ತು ದಾಟಿದವರು ಗಾಜಿಗೆ ದುಡ್ಡು ಹಾಕುವ ಮುಂಚೆ ಕಣ್ಣಿನ ಒಳಗಿನ ಒತ್ತಡದ (ಗ್ಲಾಕೋಮಾ) ಪರೀಕ್ಷೆ ಮಾಡಿಸಿಕೊಳ್ಳಿ. ದೊಡ್ಡ ಮಾನಿಟರ್ ಕೊಳ್ಳುವ ಯೋಚನೆ ಇದ್ದರೆ ಅದನ್ನೂ ಮೊದಲೇ ತಂದು ಕೂರಿಸಿ. ಮಾನಿಟರ್ ಬದಲಾದರೆ ದೂರ ಬದಲಾಗುತ್ತದೆ, ಟೇಪು ಮತ್ತೆ ಹಿಡಿಯಬೇಕು.