ಬೆಂಗಳೂರಿನ ಆರ್ಟ್ ಮ್ಯೂಸಿಯಂ: ಹಾಸನದಿಂದ ಹೋಗಿ ನೋಡಿ ಬರುವುದು ಹೇಗೆ?

ಬೇಲೂರಿನ ಮದನಿಕೆಯರನ್ನು ನೋಡಿ ಬೆಳೆದವರು ನಾವು. ಆದರೂ ಆಧುನಿಕ ಕಲೆ ಅಂದರೆ ‘ಅದು ನಮಗೆ ಅರ್ಥವಾಗಲ್ಲ’ ಅನ್ನುವವರೇ ಜಾಸ್ತಿ. ಬೇಲೂರಿನಲ್ಲಿ ಪ್ರತಿ ಶಿಲ್ಪಕ್ಕೂ ಗೈಡ್ ಒಂದು ಕಥೆ ಹೇಳುತ್ತಾರೆ. ಮ್ಯೂಸಿಯಂನಲ್ಲಿ ಆ ಕೆಲಸ ನಮ್ಮ ಕಣ್ಣಿನದು. ಅದಕ್ಕೆ ಹೆದರಬೇಕಿಲ್ಲ.

ಮೊದಲು ಜಾಗ ಆರಿಸಿಕೊಳ್ಳಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅಂದರೆ ಎನ್‌ಜಿಎಂಎ ಇದೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ‘ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ’, ಅಂದರೆ ‘ಮ್ಯಾಪ್’ ಇದೆ. ಎರಡಕ್ಕೂ ಸೋಮವಾರ ರಜೆ. ಈಗ ಯಾವ ಪ್ರದರ್ಶನ ನಡೆಯುತ್ತಿದೆ, ಟಿಕೆಟ್ ಎಷ್ಟು ಅಂತ ವೆಬ್‌ಸೈಟ್‌ನಲ್ಲಿ ನೋಡಿಕೊಂಡೇ ಹೊರಡಿ. ಒಂದು ದಿನಕ್ಕೆ ಒಂದೇ ಸಾಕು.

ಬೆಳಗಿನ ಬಸ್ ಹಿಡಿಯಿರಿ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಮೂರನೇ ಸ್ಟೇಷನ್ ಕಬ್ಬನ್ ಪಾರ್ಕ್. ಅಲ್ಲಿಂದ ಮ್ಯಾಪ್‌ಗೆ ನಡೆದೇ ಹೋಗಬಹುದು. ಎನ್‌ಜಿಎಂಎಗೆ ಮೆಜೆಸ್ಟಿಕ್‌ನಿಂದ ಆಟೊ ಸಲೀಸು.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಒಂದು ಸುತ್ತು ಸುಮ್ನೆ ಓಡಾಡಿ. ಯಾವುದರ ಮುಂದೆ ಕಾಲು ತಾನಾಗಿ ನಿಲ್ಲುತ್ತದೋ ಅಂಥ ನಾಲ್ಕೈದನ್ನು ಆರಿಸಿಕೊಳ್ಳಿ. ಪಕ್ಕದ ಚೀಟಿಯನ್ನು ಆಮೇಲೆ ಓದಿದರಾಯಿತು, ಮೊದಲು ಚಿತ್ರ ನೋಡಿ. ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ. ತೈಲಚಿತ್ರವಾದರೆ ಸ್ವಲ್ಪ ಬದಿಗೆ ಸರಿದು ಓರೆಯಾಗಿ ನೋಡಿ. ಬಣ್ಣ ಎಲ್ಲಿ ದಪ್ಪಗೆ ಎದ್ದು ನಿಂತಿದೆ, ಎಲ್ಲಿ ಕ್ಯಾನ್ವಾಸಿನ ಎಳೆ ಕಾಣುವಷ್ಟು ತೆಳುವಾಗಿದೆ ಅನ್ನುವುದು ಗೊತ್ತಾಗುತ್ತದೆ. ಮೊಬೈಲ್ ಫೋಟೊದಲ್ಲಿ ಇದು ಸಿಗುವುದಿಲ್ಲ. ಇಷ್ಟು ದೂರ ಹೋಗುವುದೇ ಇದಕ್ಕೆ.

ಎನ್‌ಜಿಎಂಎ ಸಂಗ್ರಹದಲ್ಲಿ ಬಂಗಾಳದ ಚಿತ್ರಕಲಾವಿದ ಜಾಮಿನಿ ರಾಯ್ ಅವರ ಕೃತಿಗಳಿವೆ. ಪ್ರದರ್ಶನದಲ್ಲಿದ್ದರೆ ತಪ್ಪಿಸಿಕೊಳ್ಳಬೇಡಿ. ಪಾಶ್ಚಾತ್ಯ ಶೈಲಿ ಕಲಿತಿದ್ದ ಅವರು ಅದನ್ನು ಬಿಟ್ಟು ಬಂಗಾಳದ ಜನಪದ ಚಿತ್ರಗಳ ಹಾದಿ ಹಿಡಿದರು. ಆ ದಪ್ಪ ಗೆರೆ, ಉದ್ದನೆಯ ಕಣ್ಣು ಮಕ್ಕಳಿಗೂ ಹಿಡಿಸುತ್ತದೆ. ಹಳ್ಳಿ ಮನೆಗಳ ಗೋಡೆಚಿತ್ರ, ರಂಗೋಲಿಯನ್ನೆಲ್ಲ ಫೋಟೊದಲ್ಲಿ ಹಿಡಿದಿಟ್ಟ ಜ್ಯೋತಿ ಭಟ್ ಅವರ ಸಂಗ್ರಹ ಮ್ಯಾಪ್‌ನಲ್ಲಿದೆ.

ಈಗ ಚೀಟಿ ಓದಿ. ಕಲಾವಿದರ ಹೆಸರು, ವರ್ಷ, ಯಾವುದರಲ್ಲಿ ಮಾಡಿದ್ದು ಎಂಬುದೆಲ್ಲ ಅಲ್ಲಿರುತ್ತದೆ. ಬೇಲೂರಿನಲ್ಲೂ ಶಿಲ್ಪಿಗಳಾದ ದಾಸೋಜ, ಚಾವಣರು ಶಿಲ್ಪಗಳ ಬುಡದಲ್ಲಿ ಹೆಸರು ಕೆತ್ತಿ ಹೋಗಿದ್ದಾರೆ, ಅಲ್ವಾ? ತಂತಿ, ತಗಡು, ಹಳೇ ಬಟ್ಟೆ ಜೋಡಿಸಿ ಮಾಡಿದ ಕೃತಿ ಎದುರಾದರೆ ‘ಇದೇನು’ ಅನ್ನುವ ಬದಲು ‘ಇದೇ ವಸ್ತು ಯಾಕೆ’ ಅಂತ ಕೇಳಿಕೊಳ್ಳಿ. ಗೊತ್ತಾಗದಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ನಾಚಿಕೆ ಯಾಕೆ?

ಏನನ್ನೂ ಮುಟ್ಟಬೇಡಿ. ಕೈಬೆವರು, ಎಣ್ಣೆಯಂಶ ಬಣ್ಣಕ್ಕೂ ಲೋಹಕ್ಕೂ ಹಾನಿ. ಕೆಲವು ಕೋಣೆಗಳಲ್ಲಿ ಬೆಳಕು ಮಂದವಾಗಿರುತ್ತದೆ. ಕಾಗದದ ಮೇಲಿನ ಬಣ್ಣ ಜಾಸ್ತಿ ಬೆಳಕಿಗೆ ಮಾಸುತ್ತದೆ ಅನ್ನುವುದೇ ಕಾರಣ. ಫ್ಲ್ಯಾಶ್ ಹಾಕಬೇಡಿ. ದೊಡ್ಡ ಬ್ಯಾಗ್ ಕೌಂಟರ್‌ನಲ್ಲೇ ಇರಲಿ.

ಎರಡು ಗಂಟೆಯಲ್ಲಿ ಕಣ್ಣು ದಣಿಯುತ್ತದೆ. ಮಕ್ಕಳಿದ್ದರೆ ಇನ್ನೂ ಬೇಗ. ಹೊರಗೆ ಬಂದು ಕಾಫಿ ಕುಡಿದು, ಹೆಚ್ಚು ಇಷ್ಟವಾದ ಒಂದನ್ನೇ ಮತ್ತೆ ಹೋಗಿ ನೋಡಿ. ಸಂಜೆಯ ಟ್ರಾಫಿಕ್ ಶುರುವಾಗುವ ಮೊದಲು ಮೆಜೆಸ್ಟಿಕ್ ಸೇರಿಕೊಂಡರೆ ರಾತ್ರಿ ಊಟಕ್ಕೆ ಹಾಸನದಲ್ಲಿರಬಹುದು.