ಎಳೆಯ ತಟ್ಟು ಕುದುರೆಯ ಗೊರಸು ಉದುರುವುದು ನಿಂತಿದ್ದು ಹೀಗೆ

ನಮ್ಮದು ಮಂಡ್ಯ ಕಡೆಯ ನಾಲೆ ಬಯಲಿನ ಊರು. ಎರಡು ವರ್ಷದ ತಟ್ಟುವಿನ ಮುಂಗಾಲಿನ ಗೊರಸಿನ ಅಂಚು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು. ಲಾಳದ ಮೊಳೆ ಹಿಡಿಯಲು ಗಟ್ಟಿ ಜಾಗವೇ ಇರಲಿಲ್ಲ.

ಪಶುವೈದ್ಯರು ಮೊದಲು ಕೇಳಿದ್ದು ಮೇವಿನ ಬಗ್ಗೆ. ಬೂಸಾದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಬೆಳೆಯುವ ಮರಿಗೆ ಅದೊಂದೇ ಸಾಲದು. ಬೂಸಾ ಇಳಿಸಿ ಕುದುರೆ ಮೆಂತೆ (ಲೂಸರ್ನ್ ಮೇವು) ಸೊಪ್ಪು ಸೇರಿಸಿದೆವು. ಜೊತೆಗೆ ಅವರು ತೂಕ ನೋಡಿ ಬರೆದುಕೊಟ್ಟ ಬಯೋಟಿನ್ (ಒಂದು ಜೀವಸತ್ವ), ಸತು, ತಾಮ್ರ ಇರುವ ಪುಡಿ.

ಆದರೆ ದೊಡ್ಡ ಶತ್ರು ಗದ್ದೆ ಬದಿಯ ಕೆಸರು. ನೆನೆದು, ಬಿಸಿಲಿಗೆ ಒಣಗಿ, ಮತ್ತೆ ನೆನೆದರೆ ಯಾವ ಗೊರಸು ತಾಳುತ್ತದೆ, ಅಲ್ವಾ? ಕೊಟ್ಟಿಗೆಗೆ ಮರಳು ಹಾಸಿದೆವು. ಮೇವು ಮಾತ್ರ ತೊಟ್ಟಿಯಲ್ಲೇ, ಮರಳು ಹೊಟ್ಟೆಗೆ ಹೋದರೆ ಶೂಲೆ ಬರುತ್ತದೆ. ದಿನಾ ಸಂಜೆ ಗೊರಸಿನ ಸಂದಿಯ ಕೆಸರು ಕೆರೆದು ತೆಗೆಯುತ್ತೇನೆ. ಅಲ್ಲಿ ಕಪ್ಪು ಕೀವು, ಕೊಳೆತ ವಾಸನೆ ಕಂಡರೆ ಸುಮ್ನೆ ಎಣ್ಣೆ ಸವರಬೇಡಿ, ವೈದ್ಯರಿಗೆ ತೋರಿಸಿ.

ಆರು ವಾರಕ್ಕೊಮ್ಮೆ ಅಂಚು ದುಂಡಗೆ ಉಜ್ಜಿಸಿದ ಮೇಲೆ ಚೂರು ಏಳುವುದು ನಿಂತಿತು. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ, ಅಷ್ಟೇ. ಈಗ ಕೂದಲಿನ ಅಂಚಿನ ಕೆಳಗೆ ನುಣ್ಣನೆಯ ಗಟ್ಟಿ ಪಟ್ಟಿಯೊಂದು ಇಳಿಯುತ್ತಿದೆ. ಅದು ನೆಲ ಮುಟ್ಟುವವರೆಗೆ ಲಾಳ ಹೊಡೆಸುವುದಿಲ್ಲ.